ಚಿಕ್ಕೋಡಿ ರೋಡ್

ನಮ್ಮ ಚಿಕ್ಕೋಡಿಗೆ ರೈಲು ಇಲ್ಲ. ಆದರೆ ರೈಲ್ವೆಯವರ ಪಟ್ಟಿಯಲ್ಲಿ ಚಿಕ್ಕೋಡಿಯ ಹೆಸರು ಇದೆ. ಮಿರಜಿನ ಹಾದಿಯಲ್ಲಿ, ರಾಯಬಾಗದ ಸೀಮೆಯಲ್ಲಿ ಒಂದು ಸಣ್ಣ ಸ್ಟೇಷನ್. ಹಳದಿ ಹಲಗೆಯ ಮೇಲೆ ‘ಚಿಕ್ಕೋಡಿ ರೋಡ್’ ಎಂದು ಬರೆದಿರುತ್ತದೆ. ನಾನು ನೌಕರಿಗೆ ಸೇರಿದ ಹೊಸತರಲ್ಲಿ ಮೈಸೂರು ಕಡೆಯ ಗಣಿತದ ಮೇಷ್ಟ್ರೊಬ್ಬರು ನಮ್ಮ ಶಾಲೆಗೆ ನೇಮಕವಾಗಿ ಬಂದರು. ನಸುಕಿನಲ್ಲಿ ಟ್ರಂಕು, ಹಾಸಿಗೆ ಸುರುಳಿ ಸಮೇತ ಅಲ್ಲಿ ಇಳಿದು, ಸುತ್ತ ನೋಡಿ, ಎಮ್ಮೆ ಹೊಡೆದುಕೊಂಡು ಹೊರಟಿದ್ದ ಮುದುಕನೊಬ್ಬನನ್ನು “ಊರು ಎಲ್ಲಿ?” ಎಂದು ಕೇಳಿದರಂತೆ. “ಊರು ಇನ್ನೂ ದೂರ ಐತ್ರಿ. ಇದು ಚಿಕ್ಕೋಡಿ ಅಲ್ಲ, ಚಿಕ್ಕೋಡಿ ರೋಡ್” ಎಂದನಂತೆ ಆತ. ವರ್ಗವಾಗಿ ಹೋಗುವ ದಿನದವರೆಗೂ ಆ ಮೇಷ್ಟ್ರು ಇದನ್ನು ಹೇಳಿ ನಗಿಸುತ್ತಿದ್ದರು. “ನಿಮ್ಮ ಕಡೆ ರೈಲಿನವರು ಸುಳ್ಳು ಹೇಳೋದಿಲ್ಲ, ಆದರೆ ಪೂರ್ತಿ ನಿಜವನ್ನೂ ಹೇಳೋದಿಲ್ಲ” ಎನ್ನುತ್ತಿದ್ದರು.

ಈ ಹಳೆಯ ನಗೆಮಾತು ಈಚಿನ ಕೆಲವು ವರ್ಷಗಳಲ್ಲಿ ನನಗೆ ಮೇಲಿಂದ ಮೇಲೆ ನೆನಪಾಗಿದೆ. ಅದು ರೈಲಿನ ವಿಷಯಕ್ಕಲ್ಲ, ಒಂದು ಕೂಸಿನ ಮುಖದ ವಿಷಯಕ್ಕೆ.

ನನ್ನ ತಂಗಿಯ ಮನೆ ರಾಯಬಾಗದಲ್ಲಿದೆ. ಅವಳ ಮಗಳನ್ನು ನಿಪ್ಪಾಣಿಯ ಒಂದು ಕಿರಾಣಿ ಅಂಗಡಿಯವರ ಮನೆಗೆ ಕೊಟ್ಟಿದ್ದೇವೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. 2023ರ ಜನವರಿ ಕೊನೆಯ ವಾರದಲ್ಲಿ ಒಂದು ಬೆಳಿಗ್ಗೆ ತಂಗಿಯ ಫೋನು ಬಂತು. “ಅಕ್ಕಾ, ಹೆಣ್ಣು. ಕೂಸು, ಬಾಣಂತಿ ಇಬ್ರೂ ಚಲೋ ಅದಾರ” ಎಂದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಆಗಲೇ ಸಕ್ಕರೆ ಹಂಚಲು ಏಳುತ್ತಿದ್ದೆ. ಆದರೆ ಮಾತಿನ ಹಿಂದೆ ಒಂದು ‘ಆದ್ರ’ ಬಂತು. “ಆದ್ರ ಮಾರಿ ಮ್ಯಾಲ ಒಂದು ಕೆಂಪು ಮಚ್ಚಿ ಐತಿ. ನೀ ಬಂದು ನೋಡು.”

ಹೋಗಿ ನೋಡಿದೆ. ಬಲಗಡೆಯ ಹಣೆ, ಮೇಲಿನ ರೆಪ್ಪೆ, ಅಲ್ಲಿಂದ ಇಳಿದು ಅರ್ಧ ಕೆನ್ನೆ. ಯಾರೋ ನೇರಳೆ ಹಣ್ಣು ತಿಂದ ಕೈಯಿಂದ ಕೂಸಿನ ಮುಖ ಸವರಿದಂತೆ ಇತ್ತು. ಬೆರಳಿನಿಂದ ಒತ್ತಿದರೆ ಬೆಳ್ಳಗಾಗಿ, ಬಿಟ್ಟ ಕೂಡಲೇ ಮತ್ತೆ ತುಂಬಿಕೊಳ್ಳುತ್ತಿತ್ತು. ಡಾಕ್ಟರರು ಇದನ್ನು ‘ಪೋರ್ಟ್ ವೈನ್ ಸ್ಟೇನ್’ ಎನ್ನುತ್ತಾರೆಂದು ಆಮೇಲೆ ತಿಳಿಯಿತು. ಪೋರ್ಚುಗಲ್ ದೇಶದ ದ್ರಾಕ್ಷಾರಸದ ಬಣ್ಣವಂತೆ. ನಮ್ಮ ಅಥಣಿ ಕಡೆ ದ್ರಾಕ್ಷಿ ಬೆಳೆಯುವವರಿದ್ದಾರೆ, ಆದರೆ ನಮಗೆ ಗೊತ್ತಿರುವುದು ಒಣದ್ರಾಕ್ಷಿ ಮಾತ್ರ. ಆದ್ದರಿಂದ ನಾನು ನೇರಳೆ ಎಂದೇ ಇಟ್ಟುಕೊಂಡಿದ್ದೇನೆ.

ಬೀಗತಿ ನಿಪ್ಪಾಣಿಯಿಂದ ಬಂದರು. ಕೂಸನ್ನು ಎತ್ತಿಕೊಂಡರು, ಬಹಳ ಹೊತ್ತು ನೋಡಿದರು, ತೊಟ್ಟಿಲಲ್ಲಿ ಹಾಕಿದರು. ಆಮೇಲೆ ಸೊಸೆಯ ಕಡೆ ತಿರುಗಿ, “ದೀಪಾವಳಿ ಮರುದಿನ ಗ್ರಹಣ ಇತ್ತಲ್ಲ, ಅವತ್ತ ಜಂಪರಿಗೆ ಹುಕ್ಕು ಹಚ್ಕೋತ ಕುಂತಿದ್ದಿ. ಕತ್ರಿ ಹಿಡೀಬ್ಯಾಡ ಅಂದ್ನೋ ಇಲ್ಲೋ?” ಎಂದರು. ಹುಡುಗಿ ಏನೂ ಹೇಳಲಿಲ್ಲ. ಗ್ರಹಣ ಇದ್ದದ್ದು ನಿಜ. 2022ರ ಅಕ್ಟೋಬರ್ 25ರಂದು ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ನಮ್ಮ ಕಡೆಯೂ ಕಂಡಿತ್ತು. ಹುಕ್ಕು ಹಚ್ಚಿದ್ದೂ ನಿಜ. ಎರಡು ನಿಜಗಳನ್ನು ಪಕ್ಕಪಕ್ಕ ಇಟ್ಟರೆ ಮೂರನೆಯ ನಿಜ ತಾನಾಗಿ ಹುಟ್ಟುತ್ತದೆ ಎಂದು ನಾವೆಲ್ಲ ತಿಳಿದುಕೊಂಡುಬಿಟ್ಟಿರುತ್ತೇವೆ.

ರಾತ್ರಿ ಬಾಣಂತಿ ಕೋಣೆಯಲ್ಲಿ ಹುಡುಗಿ ನನ್ನ ಕೈ ಹಿಡಿದು, “ದೊಡ್ಡವ್ವ, ಖರೇನ ನಂದ ತಪ್ಪೇನು?” ಎಂದು ಕೇಳಿದಳು. ನಾನು ಅವಳ ಬೆರಳುಗಳನ್ನೇ ಹಿಡಿದು ತಿಂಗಳು ಎಣಿಸಿ ತೋರಿಸಿದೆ. ಗ್ರಹಣದ ದಿನ ಅವಳಿಗೆ ಹೆಚ್ಚುಕಡಿಮೆ ಆರು ತಿಂಗಳು. ಚರ್ಮದ ಸಣ್ಣ ರಕ್ತನಾಳಗಳಲ್ಲಿ ಈ ಎಡವಟ್ಟು ಆಗುವುದು ಬಸಿರಿನ ಶುರುವಿನಲ್ಲಿ, ಬಹುಶಃ ಅವಳಿಗೆ ಬಯಕೆ ಹುಟ್ಟುವ ಮೊದಲೇ. ಗ್ರಹಣ ಬರುವ ಹೊತ್ತಿಗೆ ಕೂಸಿನ ಕೆನ್ನೆ ಎಂದೋ ಕೆಂಪಾಗಿತ್ತು. 2013ರಲ್ಲಿ ಅಮೆರಿಕದ ಸಂಶೋಧಕರು ಇಂಥ ಮಚ್ಚೆಯ ಜೀವಕೋಶಗಳನ್ನು ಪರೀಕ್ಷಿಸಿ, ಅದರಲ್ಲಿ ಒಂದೇ ಒಂದು ವಂಶವಾಹಿಯ ಒಂದೇ ಒಂದು ಅಕ್ಷರ ತಪ್ಪಿರುವುದನ್ನು ಕಂಡುಹಿಡಿದಿದ್ದಾರೆ. ನಾವು ಕರಿಹಲಗೆಯ ಮೇಲೆ ಬರೆದದ್ದನ್ನು ಮಕ್ಕಳು ನೋಟುಬುಕ್ಕಿನಲ್ಲಿ ಇಳಿಸಿಕೊಳ್ಳುವಾಗ ಎಲ್ಲೋ ಒಂದು ಒತ್ತಕ್ಷರ ತಪ್ಪುವುದಿಲ್ಲವೇ? ಅಂಥದೇ ಒಂದು ನಕಲಿನ ತಪ್ಪು. ತಾಯಿಯಿಂದಲೂ ಬಂದದ್ದಲ್ಲ, ತಂದೆಯಿಂದಲೂ ಅಲ್ಲ. ಕತ್ತರಿಯಿಂದಲಂತೂ ಅಲ್ಲವೇ ಅಲ್ಲ. ಹುಟ್ಟುವ ಸಾವಿರ ಕೂಸುಗಳಲ್ಲಿ ಸುಮಾರು ಮೂರಕ್ಕೆ ಇಂಥ ಮಚ್ಚೆ ಇರುತ್ತದೆ. ಇದನ್ನೆಲ್ಲ ಹೇಳಿದೆ. ಹುಡುಗಿ ಅತ್ತಳು, ಆದರೆ ಆ ರಾತ್ರಿ ನಿದ್ದೆ ಮಾಡಿದಳು.

ಫೆಬ್ರುವರಿಯಲ್ಲಿ ಚಿಂಚಲಿ ಮಾಯಕ್ಕನ ಜಾತ್ರೆ ಬಂತು. ಬೀಗತಿ ಹರಕೆ ಹೊತ್ತು, ಭಂಡಾರ ತಂದು ಕೂಸಿನ ಹಣೆಗೆ ಹಚ್ಚಿದರು. ಅದಕ್ಕೆ ನನ್ನ ತಕರಾರೇನೂ ಇರಲಿಲ್ಲ. ದೇವಿಯ ಭಂಡಾರ ಯಾರ ಕೆನ್ನೆಯನ್ನೂ ಕೆಡಿಸಿಲ್ಲ. ಆದರೆ ಬಂದವರೆಲ್ಲ “ಬೆಳದಂಗ ಹೋಗತೈತಿ ಬಿಡ್ರಿ, ನಮ್ಮ ಅಕ್ಕನ ಮಗನ್ದು ಹೋತು” ಎಂದು ಹೇಳುತ್ತಿದ್ದುದು ಮಾತ್ರ ನನ್ನನ್ನು ಕಾಡಿತು. ಈ ಮಾತು ಸುಳ್ಳಲ್ಲ, ಇದೂ ಒಂದು ‘ಚಿಕ್ಕೋಡಿ ರೋಡ್’.

ಓದುವ ಅಕ್ಕತಂಗಿಯರಿಗೆ ಇದೊಂದನ್ನು ಬಿಡಿಸಿ ಹೇಳಬೇಕು. ಕೂಸುಗಳ ಮೈಮೇಲೆ ಕಾಣುವ ಕೆಂಪು ಮಚ್ಚೆಗಳು ಎಲ್ಲವೂ ಒಂದೇ ಅಲ್ಲ. ಹುಬ್ಬಿನ ನಡುವೆ, ರೆಪ್ಪೆಯ ಮೇಲೆ, ಹೆಕ್ಕತ್ತಿನಲ್ಲಿ ನಸುಗೆಂಪಾಗಿ ಕಾಣುವುದು ಬಹಳ ಕೂಸುಗಳಿಗೆ ಇರುತ್ತದೆ. ಮುಖದ ಮೇಲಿನದು ಒಂದೆರಡು ವರ್ಷದಲ್ಲಿ ತಾನಾಗಿ ಮಾಸುತ್ತದೆ. ಎರಡನೆಯದು ಹುಟ್ಟಿದಾಗ ಇರುವುದೇ ಇಲ್ಲ, ಇದ್ದರೂ ಗೊತ್ತಾಗದಷ್ಟು ಸಣ್ಣದು. ಕೆಲವು ವಾರಗಳಲ್ಲಿ ಕೆಂಪು ಗಡ್ಡೆಯಂತೆ ಉಬ್ಬಿ, ತಿಂಗಳುಗಟ್ಟಲೆ ಬೆಳೆದು, ಆಮೇಲೆ ವರ್ಷಗಟ್ಟಲೆ ನಿಧಾನವಾಗಿ ಇಳಿಯುತ್ತದೆ. ಅದರ ಹೆಸರು ಹೆಮಾಂಜಿಯೋಮಾ. ಅದು ಕಣ್ಣಿಗೆ, ಉಸಿರಿಗೆ ಅಡ್ಡ ಬರುವಂತಿದ್ದರೆ ಪ್ರೊಪ್ರನೊಲಾಲ್ ಎಂಬ, ಮೊದಲಿನಿಂದ ಹೃದಯದ ರೋಗಕ್ಕೆ ಕೊಡುತ್ತಿದ್ದ ಔಷಧವನ್ನು ಈಗ ಕೊಡುತ್ತಾರೆ. ಅದು ಈ ಗಡ್ಡೆಯನ್ನು ಇಳಿಸುತ್ತದೆಂದು 2008ರಲ್ಲಿ ಫ್ರಾನ್ಸಿನ ಡಾಕ್ಟರರು ಅಕಸ್ಮಾತ್ತಾಗಿ ಕಂಡುಕೊಂಡರು. ಮೂರನೆಯದೇ ನಮ್ಮ ಕೂಸಿನ ನೇರಳೆ ಬಣ್ಣದ್ದು. ಅದು ಹುಟ್ಟಿದ ದಿನದಿಂದಲೇ ಇರುತ್ತದೆ, ಉಬ್ಬುವುದಿಲ್ಲ, ಇಳಿಯುವುದೂ ಇಲ್ಲ. ಮುಖ ಬೆಳೆದಂತೆ ತಾನೂ ಬೆಳೆಯುತ್ತದೆ. ವಯಸ್ಸಾದಂತೆ ಬಣ್ಣ ಗಾಢವಾಗಿ ಚರ್ಮ ದಪ್ಪವಾಗಬಹುದು. ‘ಅಕ್ಕನ ಮಗನ್ದು’ ಹೋದದ್ದು ಮೊದಲನೆಯದೋ ಎರಡನೆಯದೋ ಆಗಿರಬೇಕು. ಅದನ್ನು ನಂಬಿ ಮೂರನೆಯದಕ್ಕೆ ಕಾಯುತ್ತ ಕುಳಿತರೆ ಕಳೆದುಹೋಗುವುದು ಕೂಸಿನ ವೇಳೆ.

ಮೊದಲು ಮಿರಜಿಗೆ ಒಯ್ದೆವು. ನಮ್ಮ ಕಡೆಯವರಿಗೆ ರೋಗ ಎಂದರೆ ಮಿರಜು ತಾನೇ. ಅಲ್ಲಿಯ ಡಾಕ್ಟರು ಮಚ್ಚೆಯ ಬಣ್ಣದ ಬಗ್ಗೆ ಒಂದು ಮಾತೂ ಆಡದೆ ಕಣ್ಣು ತೋರಿಸಲು ಹೇಳಿದರು. ಇಂಥ ಮಚ್ಚೆ ಹಣೆ ಮತ್ತು ರೆಪ್ಪೆಯ ಮೇಲೆ ಇದ್ದರೆ, ಕೆಲವು ಕೂಸುಗಳಲ್ಲಿ ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿ ಹೋಗುವುದುಂಟು. ಮೆದುಳಿನ ಮೇಲ್ಪದರದಲ್ಲೂ ಅದೇ ರಕ್ತನಾಳಗಳ ಎಡವಟ್ಟು ಇದ್ದು ಫಿಟ್ಸ್ ಬರುವುದುಂಟು. 1879ರಲ್ಲಿ ಸ್ಟರ್ಜ್ ಎಂಬ ಇಂಗ್ಲಿಷ್ ವೈದ್ಯ ಇದನ್ನು ಮೊದಲು ವಿವರಿಸಿದ. ಈಗ ಸ್ಟರ್ಜ್-ವೆಬರ್ ಎನ್ನುತ್ತಾರೆ. ನಾವೆಲ್ಲ ಮದುವೆ, ಮುಖ, ಜನ ಎಂದು ಒದ್ದಾಡುತ್ತಿದ್ದಾಗ ಕೂಸಿನ ಕಣ್ಣು ಯಾರಿಗೂ ಹೊಳೆದಿರಲಿಲ್ಲ. ಕಣ್ಣು ನೋಡಿದರು, ತಲೆಯ ಸ್ಕ್ಯಾನ್ ಮಾಡಿಸಿದರು. ಎರಡೂ ಸರಿ ಇದ್ದವು. ಆದರೂ ಕಣ್ಣನ್ನು ಆಗಾಗ ತೋರಿಸುತ್ತಲೇ ಇರಬೇಕೆಂದರು. ಅವತ್ತು ಮಿರಜಿನ ಆಸ್ಪತ್ರೆಯ ಬಾಕಿನ ಮೇಲೆ ಬೀಗತಿ ಸುಮ್ಮನೆ ಕೂತುಬಿಟ್ಟರು. ಆಮೇಲೆ ಗ್ರಹಣದ ಮಾತನ್ನು ಅವರು ಎಂದೂ ಎತ್ತಲಿಲ್ಲ.

ಮೇ ತಿಂಗಳ ಸೂಟಿಯಲ್ಲಿ ಪುಣೆಗೆ ಹೋದೆವು. ಚರ್ಮದ ಡಾಕ್ಟರಮ್ಮ ಲೇಸರ್ ವಿಷಯವನ್ನು ಮರಾಠಿಯಲ್ಲಿ ಸಾವಕಾಶವಾಗಿ ಹೇಳಿದರು. ನಾನು ಮೇಷ್ಟ್ರಗಿತ್ತಿಯಾದ್ದರಿಂದ ನನಗೆ ತಿಳಿದಂತೆ ಹೇಳುತ್ತೇನೆ. ಬಿಸಿಲಲ್ಲಿ ಕರಿಯ ಕೊಡೆ ಕಾಯುತ್ತದೆ, ಬಿಳಿಯದು ಅಷ್ಟು ಕಾಯುವುದಿಲ್ಲ. ಯಾವ ಬಣ್ಣ ಯಾವ ಬೆಳಕನ್ನು ಕುಡಿಯುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ. ರಕ್ತದ ಕೆಂಪು ಬಣ್ಣ ಹಳದಿ ಬೆಳಕನ್ನು ಚೆನ್ನಾಗಿ ಕುಡಿಯುತ್ತದೆ. ಆದ್ದರಿಂದ 595 ನ್ಯಾನೋಮೀಟರಿನ ಹಳದಿ ಬೆಳಕನ್ನು, ಸೆಕೆಂಡಿನ ಸಾವಿರದ ಒಂದು ಪಾಲಿನ ಆಜುಬಾಜು ಹೊತ್ತು ಮಾತ್ರ ಮಚ್ಚೆಯ ಮೇಲೆ ಬಿಡುತ್ತಾರೆ. ಹಿಗ್ಗಿದ ರಕ್ತನಾಳ ಒಳಗಿಂದ ಕಾದು ಮುಚ್ಚಿಕೊಳ್ಳುತ್ತದೆ. ಬೆಳಕು ಅಷ್ಟು ಗಡಬಡಿಯಲ್ಲಿ ಬಂದು ಹೋಗುವುದರಿಂದ ಸುತ್ತಲಿನ ಚರ್ಮಕ್ಕೆ ಸುಡುವಷ್ಟು ಪುರುಸೊತ್ತು ಸಿಗುವುದಿಲ್ಲ. ಇದರ ಹೆಸರು ಪಲ್ಸ್ಡ್ ಡೈ ಲೇಸರ್.

ಲೇಸರ್ ಹುಟ್ಟಿದ್ದು 1960ರಲ್ಲಿ. ಇಂಥ ಮಚ್ಚೆಗೆ 1970ರ ದಶಕದಲ್ಲಿ ಬೇರೆ ಬಗೆಯ ಲೇಸರ್ ಬಳಸಿದಾಗ ಮಚ್ಚೆ ಹೋಗಿ ಸುಟ್ಟ ಕಲೆ ಉಳಿಯುವುದಿತ್ತು. 1983ರಲ್ಲಿ ಆ್ಯಂಡರ್ಸನ್, ಪ್ಯಾರಿಶ್ ಎಂಬ ಇಬ್ಬರು ಅಮೆರಿಕದ ವೈದ್ಯರು ‘ಬೇಕಾದ ಬಣ್ಣಕ್ಕೆ ಬೇಕಾದ ಬೆಳಕು, ಬೇಕಾದಷ್ಟೇ ಹೊತ್ತು’ ಎಂಬ ತತ್ವವನ್ನು ಬರೆದಿಟ್ಟರು. ಅದರಿಂದಲೇ ಈಗಿನ ಯಂತ್ರ ಬಂತು. ನಮ್ಮಂಥ ಗೋಧಿಬಣ್ಣದವರಿಗೆ ಇನ್ನೊಂದು ತೊಡಕಿದೆ. ಚರ್ಮದ ಮೆಲನಿನ್ ಎಂಬ ಬಣ್ಣವೂ ಆ ಬೆಳಕಿನಲ್ಲಿ ಪಾಲು ಕೇಳುತ್ತದೆ. ಅದರಿಂದ ಚರ್ಮ ಕೆಲ ಕಾಲ ಕಪ್ಪಾಗಬಹುದು ಅಥವಾ ಬೆಳ್ಳಗೆ ಚಿಕ್ಕೆ ಬೀಳಬಹುದು. ಹಾಗಾಗಬಾರದೆಂದು ಬೆಳಕಿನ ಮುಂಚೆ ತಣ್ಣನೆಯ ಅನಿಲ ಸಿಂಪಡಿಸಿ ಮೇಲ್ಚರ್ಮವನ್ನು ತಂಪು ಮಾಡುತ್ತಾರೆ, ಶಕ್ತಿಯನ್ನು ಕಡಿಮೆ ಇಟ್ಟು ಶುರು ಮಾಡುತ್ತಾರೆ, ಆಮೇಲೆ ಬಿಸಿಲಿಗೆ ಹೋಗಬೇಡಿ ಎನ್ನುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೆ ಡಾಕ್ಟರಮ್ಮ ಮುಖ್ಯ ಮಾತಿಗೆ ಬಂದರು. “ಒಂದೆರಡು ಸಲಕ್ಕೆ ಆಗುವುದಿಲ್ಲ. ವಾರಗಟ್ಟಲೆ ಬಿಟ್ಟು ಬಿಟ್ಟು ಹಲವು ಸಲ ಮಾಡಬೇಕು. ಹೆಚ್ಚಿನವರಿಗೆ ಮಚ್ಚೆ ತಿಳಿಯಾಗುತ್ತದೆ. ಪೂರ್ತಿ ಹೋಗುವುದು ಹತ್ತರಲ್ಲಿ ಒಬ್ಬರಿಗೋ ಇಬ್ಬರಿಗೋ. ಕೆಲವರಿಗೆ ಏನೂ ಆಗುವುದಿಲ್ಲ. ಕೆಲವರಿಗೆ ಹತ್ತು ವರ್ಷದ ಮೇಲೆ ಒಂದಿಷ್ಟು ಬಣ್ಣ ತಿರುಗಿ ಬರಬಹುದು. ಮೂಗಿನ ಪಕ್ಕದ ಕೆನ್ನೆ ಹಠಮಾರಿ, ಹಣೆ ಬೇಗ ಮಾತು ಕೇಳುತ್ತದೆ. ಮಾಡಿಸುವುದಾದರೆ ಈಗಲೇ ಚಲೋ. ಕೂಸಿನ ಚರ್ಮ ತೆಳುವಾಗಿರುತ್ತದೆ, ಮಚ್ಚೆಯೂ ಸಣ್ಣದಿರುತ್ತದೆ.” ಯಾಕೆ ಪೂರ್ತಿ ಹೋಗುವುದಿಲ್ಲ ಎಂದು ಅಳಿಯ ಕೇಳಿದ. ಆ ಹಳದಿ ಬೆಳಕು ಚರ್ಮದೊಳಗೆ ಇಳಿಯುವುದು ಸುಮಾರು ಒಂದು ಮಿಲಿಮೀಟರಿನಷ್ಟು. ಅದಕ್ಕಿಂತ ಆಳದ ನಾಳಗಳಿಗೆ ಅದು ಮುಟ್ಟುವುದೇ ಇಲ್ಲ. ಮುಚ್ಚಿದ ನಾಳಗಳ ಜಾಗದಲ್ಲಿ ಹೊಸವು ಹುಟ್ಟುವುದೂ ಉಂಟು.

ಕೊಲ್ಹಾಪುರ ದಾಟಿ ಕೊಗನೊಳ್ಳಿಯ ಟೋಲ್ ನಾಕಾ ಬರುವವರೆಗೆ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಬೀಗತಿ, “ಇಷ್ಟ ರೊಕ್ಕ ಸುರವಿ, ಕೂಸಿಗೆ ಅಷ್ಟ ತ್ರಾಸ ಕೊಟ್ಟು, ಪೂರಾ ಹೋಗೂದಿಲ್ಲ ಅಂದ್ರ ಯಾಕ ಮಾಡ್ಸೂದ್ರೀ?” ಎಂದು ನನ್ನನ್ನೇ ಕೇಳಿದರು. ಮನೆಯಲ್ಲಿ ಓದಿದವಳು ಎಂದು ನನ್ನ ಮೇಲೆ ಎಲ್ಲರ ಕಣ್ಣು. ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಇದ್ದವಳೊಬ್ಬಳು ನನಗೆ ಗೊತ್ತಿದ್ದಳು. ಆದರೆ ಅವಳ ಮುಂದೆ ಹೋಗಿ ನಿಲ್ಲುವ ಮುಖ ನನಗಿರಲಿಲ್ಲ.

ಅದು 2000ದ ಇಸವಿಯ ಮಾತು. ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಅವಳ ಎಡಗೆನ್ನೆ, ಮೇಲ್ತುಟಿ ಸಮೇತ, ಇದೇ ಬಣ್ಣ. ಓದಿನಲ್ಲಿ ಮುಂದು, ಮಾತಿನಲ್ಲಿ ಹಿಂದು. ನಾನು ಸೋವಿಯತ್ ಒಕ್ಕೂಟದ ಪಾಠ ಹೇಳುವಾಗ ಹಳೆಯ ಪೇಪರಿನಿಂದ ಕತ್ತರಿಸಿದ ಗೊರ್ಬಚೇವರ ಚಿತ್ರ ತಂದಿದ್ದೆ. ನೆನಪಿದೆಯಲ್ಲ, ಅವರ ಬೋಳು ಹಣೆಯ ಮೇಲಿನ ಮಚ್ಚೆ? ತರಗತಿ ಮುಗಿದ ಮೇಲೆ ಆ ಹುಡುಗಿ ಬಂದು, “ಟೀಚರ್, ಈ ಚಿತ್ರ ನಾ ಇಟ್ಕೊಳ್ಳೇನ್ರಿ?” ಎಂದು ಕೇಳಿದಳು. ಕೊಟ್ಟೆ. ಮಡಚಿ ಕಂಪಾಸ ಪೆಟ್ಟಿಗೆಯಲ್ಲಿ ಇಟ್ಟುಕೊಂಡಳು. ಯಾಕೆ ಎಂದು ನಾನು ಕೇಳಲಿಲ್ಲ, ಯೋಚಿಸಲೂ ಇಲ್ಲ. ಮುಂದಿನ ತಿಂಗಳೇ ಬೀಳ್ಕೊಡುಗೆಯ ಫೋಟೋ. ಎಲ್ಲರನ್ನೂ ಸಾಲು ನಿಲ್ಲಿಸುವ ಕೆಲಸ ನನ್ನದು. ಅವಳು ಗಿಡ್ಡಗಿದ್ದುದರಿಂದ ಮುಂದಿನ ಸಾಲಿನಲ್ಲಿ ಕೂತಿದ್ದಳು. ನಾನು ಅವಳನ್ನು ಎಬ್ಬಿಸಿ ಹಿಂದಿನ ಸಾಲಿನ ತುದಿಯಲ್ಲಿ ನಿಲ್ಲಿಸಿ, ಗದ್ದ ಹಿಡಿದು ಮುಖವನ್ನು ಆ ಕಡೆ ತಿರುಗಿಸಿದೆ. “ಹಿಂಗ ನಿಲ್ಲವಾ, ಚೆಂದ ಬರತೈತಿ” ಎಂದೆ. ಅವಳ ಒಳ್ಳೆಯದಕ್ಕೇ ಮಾಡುತ್ತಿದ್ದೇನೆ ಎಂದುಕೊಂಡೆ. ಅವಳು ಹಾಗೇ ನಿಂತಳು.

ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ವಿಚಾರಿಸಿದಾಗ ಅವಳು ಅಥಣಿಯಲ್ಲಿ ನೌಕರಿಯಲ್ಲಿದ್ದಾಳೆಂದು ಗೊತ್ತಾಯಿತು. ಲೇಸರ್ ಮಾಡಿಸಿಕೊಂಡಿದ್ದಾಳೆಂದೂ ಒಬ್ಬಳು ಬರೆದಳು. 2023ರ ಜೂನ್ ನಡುವೆ ಒಂದು ಭಾನುವಾರ ಹೊರಟೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾಗಿ ಅದೇ ಮೊದಲ ವಾರ. ಬಸ್ಸಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ರಾಯಬಾಗ, ಕುಡಚಿ ದಾಟಿ, ಕೃಷ್ಣೆಯ ಸೇತುವೆ ಹಾಯ್ದು, ಕಾಗವಾಡ ತಾಲೂಕಿನ ಉಗಾರದ ಸಕ್ಕರೆ ಕಾರ್ಖಾನೆ ನೋಡುತ್ತ, ಎರಡೂ ಬದಿಗೆ ಕಬ್ಬಿನ ನಡುವೆ ನಿಂತುಕೊಂಡೇ ಅಥಣಿ ಮುಟ್ಟಿದೆ. ಹಾದಿಯುದ್ದಕ್ಕೂ ನಾನು ಆಡಬೇಕಾದ ಮೊದಲ ಮಾತನ್ನು ಜೋಡಿಸುತ್ತ ಬಂದಿದ್ದೆ. ಬಾಗಿಲು ತೆರೆದು ಅವಳು “ಬರ್ರಿ ಟೀಚರ್” ಎಂದಾಗ ಅದೆಲ್ಲ ಮರೆತುಹೋಯಿತು.

ಅವಳ ಕೆನ್ನೆ ಈಗ ಮೊದಲಿನ ನೇರಳೆಯಲ್ಲ. ಅಲ್ಲಲ್ಲಿ ಚರ್ಮದ ಬಣ್ಣವೇ ಇದೆ, ಅಲ್ಲಲ್ಲಿ ತಿಳಿಗೆಂಪು, ತುಟಿಯ ಹತ್ತಿರ ಇನ್ನೂ ಗಾಢ. ಚಹಾ ಕೊಟ್ಟು ತಾನೇ ಶುರು ಮಾಡಿದಳು. ಮೂವತ್ತರ ಹೊತ್ತಿಗೆ ಮಚ್ಚೆ ದಪ್ಪವಾಗುತ್ತ ಬಂದಿತ್ತು. ಸಣ್ಣ ಸಣ್ಣ ಗುಳ್ಳೆಗಳೆದ್ದು, ಮುಖ ಒರೆಸಿಕೊಂಡರೂ ರಕ್ತ ಬರುತ್ತಿತ್ತು. ಅದಕ್ಕೇ ಲೇಸರ್ ಮಾಡಿಸಿಕೊಂಡದ್ದು. ಏಳು ಸಲ ಆಯಿತು. ರಕ್ತ ಬರುವುದು ನಿಂತಿತು, ಬಣ್ಣ ಅರ್ಧ ಹೋಯಿತು.

ನಾನು ಕೂಸಿನ ವಿಷಯ ಹೇಳಿ, ಬೀಗತಿ ಕೇಳಿದ ಪ್ರಶ್ನೆಯನ್ನೇ ಅವಳಿಗೆ ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಮಾಡಸ್ರಿ ಟೀಚರ್. ಸಣ್ಣಾಕಿ ಇದ್ದಾಗನ ಮಾಡಸ್ರಿ. ನಂದು ತಡಾ ಆತು. ಆದ್ರ ಪೂರಾ ಹೋಗತೈತಿ ಅಂತ ಹೇಳಿ ಮಾಡಸಬ್ಯಾಡ್ರಿ. ನಂಗ ಒಬ್ರು ಹಂಗ ಹೇಳಿದ್ರು. ಏಳು ಸಲ ಆದ ಮ್ಯಾಲ ಕನ್ನಡಿ ನೋಡ್ಕೊಂಡ್ರ, ಹೋದ ಅರ್ಧಾ ನನಗ ಕಾಣಲೇ ಇಲ್ಲ. ಉಳದ ಅರ್ಧಾನ ಕಂಡಿತು. ಒಂದು ವರ್ಷ ಅದಕ್ಕ ಅತ್ತೀನಿ. ಮೊದ್ಲ ಅರ್ಧಾ ಅಂತ ಹೇಳಿದ್ರ, ಅರ್ಧಾ ಹೋತಲ್ಲ ಅಂತ ಹಬ್ಬಾ ಮಾಡ್ತಿದ್ದೆ.”

ಏಳುವ ಮುಂಚೆ ಫೋಟೋದ ಮಾತು ತೆಗೆದೆ. ಅವತ್ತು ನಾನು ಮಾಡಿದ್ದು ತಪ್ಪು ಎಂದೆ. “ಆ ಫೋಟೋ ನನ್ನ ಹತ್ರ ಐತ್ರಿ. ಅದರಾಗ ನನ್ನ ಕಿವಿ ಅಷ್ಟ ಚೆಂದ ಬಂದೈತಿ” ಎಂದು ನಕ್ಕಳು. ನನಗೆ ನಗಲಾಗಲಿಲ್ಲ. ಪರವಾಗಿಲ್ಲ ಬಿಡ್ರಿ ಎಂದು ಅವಳು ಹೇಳಲಿಲ್ಲ, ನಾನೂ ಅದನ್ನು ನಿರೀಕ್ಷಿಸುವ ಹಕ್ಕು ಕಳೆದುಕೊಂಡಿದ್ದೆ. ಬಸ್‌ಸ್ಟ್ಯಾಂಡಿನವರೆಗೆ ಬಂದು, ಸೀಟು ಹಿಡಿದು ಕೂಡ್ರಿಸಿ ಹೋದಳು. ಗೊರ್ಬಚೇವರು ಸತ್ತದ್ದು 2022ರ ಆಗಸ್ಟ್ 30ರಂದು. ಅಧಿಕಾರಕ್ಕೆ ಬಂದ ಹೊಸತರಲ್ಲಿ ಅವರ ಸರ್ಕಾರಿ ಫೋಟೋಗಳಲ್ಲೂ ಆ ಮಚ್ಚೆಯನ್ನು ಅಳಿಸಿ ಅಚ್ಚು ಹಾಕುತ್ತಿದ್ದರೆಂದು ಆಗ ಪೇಪರಿನಲ್ಲಿ ಓದಿದ್ದೆ. ಅಷ್ಟು ದೊಡ್ಡ ದೇಶದವರೂ ಗದ್ದ ಹಿಡಿದು ಮುಖ ತಿರುಗಿಸಿದ್ದರು. ಆದರೆ ಅದು ನನಗೆ ಸಮಾಧಾನ ಕೊಡುವ ಸುದ್ದಿಯಾಗಿರಲಿಲ್ಲ.

ಮರುದಿನ ನಿಪ್ಪಾಣಿಗೆ ಹೋಗಿ ಎಲ್ಲರನ್ನೂ ಕೂಡ್ರಿಸಿಕೊಂಡು ಹೇಳಿದೆ. ಲೇಸರ್ ನಮ್ಮನ್ನು ಚಿಕ್ಕೋಡಿಗೆ ಮುಟ್ಟಿಸುವುದಿಲ್ಲ, ಚಿಕ್ಕೋಡಿ ರೋಡಿಗೆ ಮುಟ್ಟಿಸುತ್ತದೆ. ಹಾಗಂತ ತಿಳಿದುಕೊಂಡೇ ಟಿಕೇಟು ತೆಗೆಸೋಣ. ಅಲ್ಲಿ ಇಳಿದಾಗ ಊರು ಕಾಣಲಿಲ್ಲವೆಂದು ಯಾರೂ ಅಳಬಾರದು. ಮುಂದೆ ಚರ್ಮ ದಪ್ಪವಾಗಿ ರಕ್ತ ಬರುವುದನ್ನು ಈಗಲೇ ತಡೆಯುವುದಾದರೆ ಅದೂ ಒಂದು ಲಾಭವೇ. ಅಳಿಯ ಹೂಂ ಎಂದ. ಹುಡುಗಿ ಮೊದಲೇ ತಯಾರಿದ್ದಳು. ಬೀಗತಿ ಮಾತ್ರ, “ಹಂಗಾದ್ರ ಮುಂದಿನ ಹಾದಿ?” ಎಂದು ಕೇಳಿದರು. “ಮುಂದಿನ ಹಾದಿ ಆಕಿನ ನಡೀತಾಳ್ರಿ. ನಾವು ದಾರ್ಯಾಗ ಅಡ್ಡ ನಿಲ್ಲದಿದ್ರ ಸಾಕು” ಎಂದೆ. ಒಪ್ಪಿದರೋ ಇಲ್ಲವೋ, ಪುಣೆಗೆ ಒಯ್ಯುವ ಬುತ್ತಿ ಅವರೇ ಕಟ್ಟಿದರು.

ಜುಲೈಯಲ್ಲಿ ಶುರುವಾಯಿತು. ಕೂಸಿಗೆ ಆಗ ಐದು ತಿಂಗಳು ತುಂಬಿ ಆರರಲ್ಲಿತ್ತು. ಮರವು ಬರುವ ಕ್ರೀಮು ಹಚ್ಚಿ, ಕಣ್ಣಿಗೆ ಹನಿ ಹಾಕಿ, ರೆಪ್ಪೆಯ ಒಳಗೆ ಸಣ್ಣ ಲೋಹದ ಮುಚ್ಚಳ ಇಟ್ಟರು. ರಬ್ಬರ್ ಬ್ಯಾಂಡು ಎಳೆದು ಬಿಟ್ಟಂತೆ ಚುರುಕ್ ಚುರುಕ್ ಎನ್ನುತ್ತದಂತೆ. ಕೂಸಿನ ಅಳು ಹೊರಗೆ ಕೇಳುತ್ತಿತ್ತು. ಕೆಲವು ನಿಮಿಷಗಳ ಕೆಲಸ, ಆದರೆ ಹೊರಗೆ ಕೂತವರಿಗೆ ಅದು ಒಂದು ಪಿರಿಯಡ್ಡಿಗಿಂತ ಉದ್ದ. ಹೊರಗೆ ಬಂದಾಗ ಮಚ್ಚೆ ತಿಳಿಯಾಗುವುದಿರಲಿ, ಕಪ್ಪು-ನೀಲಿ ಚಿಕ್ಕೆಗಳಾಗಿ ಮೊದಲಿಗಿಂತ ಭಯಂಕರವಾಗಿ ಕಾಣುತ್ತಿತ್ತು. ಇದನ್ನು ಮೊದಲೇ ಹೇಳಿದ್ದರಿಂದ ಎದೆ ಒಡೆಯಲಿಲ್ಲ. ಎರಡು ವಾರದಲ್ಲಿ ಆ ನೀಲಿ ಇಳಿಯಿತು. ಮೂರನೆಯ ಸಲದ ಮೇಲೆ ಹಣೆಯ ಬಣ್ಣ ಬಿಡತೊಡಗಿತು.

2024ರ ಕೊನೆಯ ಹೊತ್ತಿಗೆ ಎಂಟು ಸಲ ಆಗಿತ್ತು. ಹಣೆ ಮತ್ತು ರೆಪ್ಪೆ ಹೆಚ್ಚುಕಡಿಮೆ ತಿಳಿಯಾಗಿವೆ. ಕೆನ್ನೆಯ ಹೊರಬದಿ ಗುಲಾಬಿ. ಮೂಗಿನ ಪಕ್ಕದ ಒಂದು ಅಂಗೈ ಬಟ್ಟಲಷ್ಟು ಜಾಗ, ಡಾಕ್ಟರಮ್ಮ ಹೇಳಿದಂತೆ, ಹಠ ಹಿಡಿದು ಕೂತಿದೆ. ಅವಳು ಅತ್ತಾಗ, ಜ್ವರ ಬಂದಾಗ ಎಲ್ಲವೂ ಮತ್ತೆ ಕೆಂಪಾಗಿ ಎದ್ದು ಕಾಣುತ್ತದೆ. ರೊಕ್ಕ? ಅಂಗಡಿಯ ಗಲ್ಲೆ, ತಂಗಿಯ ಎರಡು ಬಳೆ, ನನ್ನ ಪಗಾರ ಮೂರೂ ಸೇರಿ ಆಗಿದೆ. ಕಣ್ಣಿನ ತಪಾಸಣೆಯನ್ನು ಮಾತ್ರ ತಪ್ಪಿಸಿಲ್ಲ.

2025ರ ಜನವರಿಯಲ್ಲಿ ಎರಡನೆಯ ಹುಟ್ಟುಹಬ್ಬಕ್ಕೆ ನಿಪ್ಪಾಣಿಯ ಸ್ಟುಡಿಯೋದಲ್ಲಿ ಫೋಟೋ ತೆಗೆಸಲು ಹೋದೆವು. ಜರಿಯ ಪರಕರ ಉಟ್ಟು ಹುಡುಗಿ ಸ್ಟೂಲಿನ ಮೇಲೆ ಕೂತಿತು. ಫೋಟೋದವನು ಹುಡುಗ, ಪಾಪ, ಒಳ್ಳೆಯ ಮನಸ್ಸಿನವನೇ. “ಬಾಳಾ, ಆ ಕಡೆ ನೋಡು” ಎಂದು ಗದ್ದಕ್ಕೆ ಕೈ ಹಚ್ಚಿದ. ನಾನು ಎದ್ದು ನಿಂತೆ, ಆದರೆ ಗಂಟಲಿನಿಂದ ಮಾತು ಬರಲಿಲ್ಲ. ಅಷ್ಟರಲ್ಲಿ ಬೀಗತಿ, “ಯಾಕ? ನೀಟ ಕುಂದ್ರಸಿ ತೆಗಿ” ಎಂದರು. ಅವನು ತಡವರಿಸಿ, “ಹಂಗಾದ್ರ ಕಂಪ್ಯೂಟರದಾಗ ಆ ಮಚ್ಚಿ ತೆಗೀತೇನ್ರಿ. ರೊಕ್ಕ ಏನೂ ಹೆಚ್ಚಿಗಿ ಇಲ್ಲ, ಪುಕ್ಕಟ” ಎಂದ.

“ಮುಟ್ಟಿಗಿಟ್ಟಿ!” ಎಂದರು ಬೀಗತಿ. “ಎಂಟ ಸಲ ಪುಣೆಕ ಹೋಗಿ, ರೊಕ್ಕಾ ಸುರವಿ ಇಷ್ಟ ತಿಳಿ ಮಾಡ್ಸೀವಿ. ನೀ ಪುಕ್ಕಟ ತಗದಬಿಟ್ರ, ನಾವು ಮಾಡ್ಸಿದ್ದು ಮಂದಿಗೆ ಹೆಂಗ ಗೊತ್ತಾಗಬೇಕು?”

ಆ ಫೋಟೋ ಈಗ ಅವರ ಅಂಗಡಿಯ ಗಲ್ಲೆಯ ಮೇಲಿನ ಗೋಡೆಯಲ್ಲಿ ತೂಗುತ್ತಿದೆ. ಹುಡುಗಿ ನೆಟ್ಟಗೆ ಎದುರಿಗೆ ನೋಡುತ್ತಿದ್ದಾಳೆ. ಅದರ ಒಂದು ಪ್ರತಿಯನ್ನು ನಾನು ಅಥಣಿಗೆ ಕಳಿಸಿದೆ. ಅಲ್ಲಿಂದ ಎರಡೇ ಶಬ್ದದ ಉತ್ತರ ಬಂತು: “ಕಿವಿ ಕಾಣವಲ್ವು.”